ಎರಡನೆಯ ಕರೆ

ಮೆಹರ್ ತಿಂಗಳ ೮, ಶನಿವಾರ

ಅಂಧರ ಗ್ರಂಥಾಲಯಕ್ಕೆ ಹದಿನಾರು ಪುಸ್ತಕ ಕೊಟ್ಟು ಬಂದೆ. ಹೊರಡುವಾಗ ತೂರಾನ್ ಅತ್ತಿಗೆ ಕೆಳಮನೆಯ ಬಾಗಿಲಲ್ಲೇ ನಿಂತಿದ್ದಳು. “ಕಣ್ಣಿಲ್ಲದವ್ರಿಗೆ ಅಚ್ಚು ಹಾಕಿದ ಪುಸ್ತಕ! ಕಿವುಡನ ಮುಂದೆ ಕಿನ್ನರಿ ಬಾರಿಸ್ದಂಗೆ. ಹೋಗು ಮಹ್ಲಗಾ ಜಾನ್, ಹೋಗು. ಬರ್ತಾ ಎರಡು ರೊಟ್ಟಿ ತಗೊಂಡ್ಬಾ.” ಅಣ್ಣ ತೀರಿಕೊಂಡು ಒಂಬತ್ತು ವರ್ಷವಾಯಿತು. ಅವಳ ನಾಲಿಗೆ ಮಾತ್ರ ಇನ್ನೂ ವಿಧವೆಯಾಗಿಲ್ಲ.

ಅಲ್ಲಿ ಓದಿ ಧ್ವನಿಮುದ್ರಿಸುವವರು ಇದ್ದಾರೆಂದು ನಂಬಿದ್ದೆ. ಇದ್ದ ಇಬ್ಬರೂ ಬಿಟ್ಟುಹೋಗಿದ್ದಾರಂತೆ. ಈಗ ಒಂದು ತಂತ್ರಾಂಶ ಓದುತ್ತದೆ. ಅದರ ಹೆಸರು ಹಮ್‌ಖಾನ್, ನಮ್ಮ ಫಾರಸಿಯಲ್ಲಿ ಜೊತೆಗೆ ಓದುವವನು ಎಂದು ಅರ್ಥ. ಯಾವ ಕಂಪನಿಯದೂ ಅಲ್ಲ. ಊರೂರಿನ ಜನ ಸಂಬಳವಿಲ್ಲದೆ ಸೇರಿ ಕಟ್ಟುತ್ತಿದ್ದಾರೆ, ಒಳಗಿನದೆಲ್ಲ ಎಲ್ಲರಿಗೂ ತೆರೆದಿದೆ, ಯಾರು ಬೇಕಾದರೂ ತಿದ್ದಬಹುದು ಎಂದು ಗ್ರಂಥಪಾಲಕ ಹೇಳಿದ. ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದ್ದರು: ‘ಕೋಡ್ ಬರೆಯಲು ಬಾರದವರೂ ಬನ್ನಿ. ಒಳ್ಳೆಯ ಕಿವಿ ಇದ್ದರೆ ಸಾಕು.’ ಅದನ್ನು ಮೂರು ಸಲ ಓದಿ ವಿಳಾಸ ಬರೆದುಕೊಂಡೆ.

ಹೋದದ್ದು ಪುಸ್ತಕ ಕೊಡುವುದಕ್ಕಲ್ಲ ಎಂಬುದನ್ನು ಇಲ್ಲಿಯಾದರೂ ಬರೆಯಬೇಕು. ಹೋದದ್ದು ಜರ್ರಾಬಿ ಅವರಿಗಾಗಿ. ಪ್ರಕಾಶನದ ಮೇಲಿನ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಇಬ್ಬರೂ ಒಂದೇ ಮೇಜಿನಲ್ಲಿ ತಾಳೆ ನೋಡಿದೆವು. ಅನುವಾದಕರ ಹಸ್ತಪ್ರತಿಯನ್ನು ಅವರು ಗಟ್ಟಿಯಾಗಿ ಓದುತ್ತಿದ್ದರು, ನಾನು ಕರಡಚ್ಚಿನ ಮೇಲೆ ಬೆರಳಿಟ್ಟು ಹಿಂಬಾಲಿಸುತ್ತಿದ್ದೆ. ಅಲ್ಪವಿರಾಮವನ್ನೂ ಪೂರ್ಣವಿರಾಮವನ್ನೂ ಅವರು ಬಾಯಲ್ಲೇ ಹೇಳುತ್ತಿದ್ದರು. ಹಂಗೇರಿಯ ರೈತರು, ಪೋಲೆಂಡಿನ ಡಾಕ್ಟರುಗಳು, ಎಲ್ಲರೂ ನನಗೆ ಅವರ ದನಿಯಲ್ಲೇ ಗೊತ್ತು. ಕಾಗದದ ಬೆಲೆ ಏರಿ ಪ್ರಕಾಶನ ಮುಚ್ಚಿ ಎರಡು ವರ್ಷವಾಯಿತು. ಈ ವಸಂತದಲ್ಲಿ ಅವರ ಎರಡನೆಯ ಕಣ್ಣೂ ಹೋಯಿತು.

ಸುದ್ದಿ ಕೇಳಿದ ದಿನವೇ ಫೋನ್ ಮಾಡಿ, ವಾರಕ್ಕೊಮ್ಮೆ ಬಂದು ಓದಿ ಹೇಳಲೇ ಎಂದು ಕೇಳಿದೆ. “ಬೇಡ ಖಾನಂ, ನಿಮಗ್ಯಾಕೆ ತೊಂದರೆ” ಎಂದರು. ದನಿ ಒಣಗಿತ್ತು. ಸರಿ ಎಂದು ಫೋನ್ ಇಟ್ಟೆ. ಒತ್ತಾಯ ಮಾಡುವುದು ನನ್ನ ಸ್ವಭಾವವಲ್ಲ. ಆದರೆ ಯಂತ್ರವೊಂದು ಚೆನ್ನಾಗಿ ಓದುವುದಾದರೆ ಅವರ ತಂಗಿಯ ಕೈಗೆ ಅದನ್ನು ಕೊಟ್ಟು ಬಂದರಾಯಿತು. ಯಾರಿಗೂ ತೊಂದರೆಯಿಲ್ಲ.

೯ ಮೆಹರ್, ಭಾನುವಾರ

ಹಮ್‌ಖಾನ್ ಓದುವುದನ್ನು ಕೇಳಿದೆ. ನಾವು ತಿದ್ದಿದ ಪುಸ್ತಕವನ್ನೇ ಓದಿಸಿದೆ. ದನಿ ಇಂಪಾಗಿದೆ, ಯುವಕನದು. ಆದರೆ ಉಸಿರೇ ತೆಗೆದುಕೊಳ್ಳುವುದಿಲ್ಲ. ಮುನ್ನೂರ ಹನ್ನೆರಡನೆಯ ಪುಟದಲ್ಲಿ ತಾಯಿ ಸಾಯುತ್ತಾಳೆ. ಅದು ಆ ಸಾವನ್ನು ಓದಿ, ಮುಂದಿನ ಸಾಲಿನ ಕುದುರೆ ಸಂತೆಯನ್ನೂ ಅದೇ ಗುಕ್ಕಿನಲ್ಲಿ ಓದಿ ಮುಗಿಸಿತು. ಯಾರಾದರೂ ಸಾಯುವ ಪುಟ ಬರುವುದಿದ್ದರೆ ಜರ್ರಾಬಿ ಅದಕ್ಕೆ ಮೊದಲೇ ಹಾಳೆ ಮಗುಚಿಟ್ಟು ಚಹಾ ತರಿಸುತ್ತಿದ್ದರು. ಅವರು ಹಲ್ಲಿನ ನಡುವೆ ಸಕ್ಕರೆ ಅಚ್ಚು ಇಟ್ಟುಕೊಂಡರೆಂದರೆ ನನಗೆ ತಿಳಿಯುತ್ತಿತ್ತು, ಯಾರೋ ಹೋಗಲಿದ್ದಾರೆ.

೧೪ ಮೆಹರ್, ಶುಕ್ರವಾರ

ನಾಲ್ಕು ದಿನ ಕೇಳಿ ಪಟ್ಟಿ ಮಾಡಿದೆ. ಎಲ್ಲಿ ನಿಲ್ಲಬೇಕು, ಎಲ್ಲಿ ಓಡಬಾರದು, ಪತ್ರ ಓದುವ ಪಾತ್ರಕ್ಕೂ ಕಥೆ ಹೇಳುವವನಿಗೂ ನಡುವೆ ಎಷ್ಟು ಬಿಡುವು. ಹನ್ನೊಂದು ಪುಟವಾಯಿತು. ಅತ್ತಿಗೆ ಬೇಳೆ-ಸೊಪ್ಪಿನ ಆಶ್ ಕೊಡಲು ಮೇಲೆ ಬಂದವಳು ಹೆಗಲ ಮೇಲಿಂದ ಇಣುಕಿದಳು.

“ಯಾರಿಗಿದು, ಕೋರ್ಟಿಗಾ?”

“ತಬ್ರೀಜ್‌ನಲ್ಲಿರೋ ಹಮ್‌ಖಾನ್ ತಂಡಕ್ಕೆ.”

“ಜರ್ರಾಬಿ ಮನೆ ನದಿ ಆಚೆಗಿದೆ, ನಡೆದ್ರೆ ಅರ್ಧ ಗಂಟೆ. ಇವಳು ಅವನಿಗೋಸ್ಕರ ತಬ್ರೀಜ್ ಸುತ್ತಿ ಬರ್ತಾಳೆ.”

ಆಶ್‌ಗೆ ಉಪ್ಪು ಜಾಸ್ತಿ ಎಂದೆ. ಜಾಸ್ತಿಯಾಗಿರಲಿಲ್ಲ.

೧೯ ಮೆಹರ್, ಬುಧವಾರ

ತಬ್ರೀಜ್‌ನಿಂದ ಕರೆ ಬಂತು. ಹೊಸಬರನ್ನು ಬರಮಾಡಿಕೊಳ್ಳುವ ಹೊಣೆ ಹೊತ್ತವಳು, ಹೆಸರು ಸೆವ್‌ದಾ. ಮೂವತ್ತರ ಆಸುಪಾಸಿನ ದನಿ, ಮಾತು ಚುರುಕು.

“ಮಹ್ಲಗಾ ಖಾನಂ, ನಿಮ್ಮ ಪತ್ರ ಓದಿದೆ. ಎಷ್ಟು ಚಂದ ಬರೀತೀರ! ಆದ್ರೆ ಮೊದಲನೇ ತಪ್ಪು ಬರೋದು ಮೂರನೇ ಪುಟದಲ್ಲಿ. ಮೊದಲೆರಡು ಪುಟ ಬರೀ ಕುಶಲ.”

“ಪರಿಚಯವಿಲ್ಲದವರಿಗೆ ಬರೆಯುವಾಗ...”

“ಅಯ್ಯೋ, ಮನೆ ಹಿರಿಯರ ಕ್ಷೇಮ ಕೇಳಿದವರು ಈ ತಂಡದಲ್ಲಿ ನೀವೊಬ್ರೇ. ನನ್ನ ಅಜ್ಜಿ ಚೆನ್ನಾಗಿದ್ದಾರೆ ಖಾನಂ, ಕೇಳಿದ್ದಕ್ಕೆ ನಿಮಗೆ ಒಳ್ಳೇದಾಗಲಿ ಅಂದ್ರು.”

ಕೆಲಸದ ರೀತಿ ಹೇಳಿಕೊಟ್ಟಳು. ಒಂದು ತಪ್ಪಿಗೆ ಒಂದು ಚೀಟಿ. ಪುಟ, ಸಾಲು, ಯಂತ್ರ ಏನು ಮಾಡಿತು, ಏನು ಮಾಡಬೇಕಿತ್ತು. ಅದನ್ನು ಅಂತರ್ಜಾಲದಲ್ಲಿ ತಂಡದವರೆಲ್ಲರೂ ನೋಡುವ ಹಲಗೆಯ ಮೇಲೆ ಹಾಕಬೇಕು. ಯಾರಾದರೂ ಎತ್ತಿಕೊಂಡು ಸರಿಪಡಿಸುತ್ತಾರೆ. ಕರಡಚ್ಚಿನ ಅಂಚಿನಲ್ಲಿ ಗುರುತು ಹಾಕುವುದೂ ಇದೇ ಅಲ್ಲವೇ? ಹಾಗೆಂದೆ. “ಹೌದಲ್ಲಾ!” ಎಂದಳು. ಬಹಳ ದಿನಗಳ ಮೇಲೆ ನನ್ನ ಕೆಲಸದ ಬಗ್ಗೆ ಯಾರೋ ಮಾತಾಡಿದರು.

೨೭ ಮೆಹರ್, ಗುರುವಾರ

ಇಲ್ಲಿಯವರೆಗೆ ಮೂವತ್ತೊಂದು ಚೀಟಿ. ಹದಿಮೂರು ಸರಿಹೋದವು. ಸರಿಯಾದ ಚೀಟಿಯ ಕೆಳಗೆ ‘ಮಹ್ಲಗಾ ಅವರಿಗೆ ಧನ್ಯವಾದ’ ಎಂದು ಬರುತ್ತದೆ. ಪುಸ್ತಕಗಳಲ್ಲಿ ನಮ್ಮಿಬ್ಬರ ಹೆಸರು ಎಂದೂ ಬಂದಿರಲಿಲ್ಲ. ಬರುವುದು ಪದ್ಧತಿಯೂ ಅಲ್ಲ.

ಮಶ್‌ಹದ್‌ನ ಇಂಜಿನಿಯರ್ ಸಮದಿ ಎಂಬುವರು ಬರೆದರು: ‘ಬಿಡುವು ಎಷ್ಟಿರಬೇಕು, ಸೆಕೆಂಡಿನಲ್ಲಿ ಹೇಳಿ.’ ನಾನು ಉತ್ತರಿಸಿದೆ: ‘ಎದುರಿಗೆ ಕೂತವರು ತಲೆ ಎತ್ತಿ ನೋಡುವಷ್ಟು.’ ಅವರು ಒಂದು ಪ್ರಶ್ನೆಯ ಗುರುತನ್ನು ಮಾತ್ರ ಕಳಿಸಿದರು. ಗಡಿಯಾರ ಹಿಡಿದು ಅಳೆದೆ. ಒಂದೂಕಾಲು ಸೆಕೆಂಡು.

೩ ಆಬಾನ್, ಬುಧವಾರ

ಇಂದು ಸೆವ್‌ದಾ ಕೇಳಿದಳು. ಕೇಳುಗರ ಗುಂಪಿಗೆ ಒಬ್ಬರು ಹಿರಿಯರು ಬೇಕು, ಯಾವ ದನಿ ಹೊರಗೆ ಹೋಗಬೇಕು, ಎಲ್ಲಿ ಎಷ್ಟು ಬಿಡುವು ಎಂಬ ಕೊನೆಯ ಮಾತು ಅವರದು. “ನೀವೇ ಆಗ್ಬೇಕು ಖಾನಂ. ಆಗ್ತೀರಾ?”

ಮನಸ್ಸು ಕುಣಿಯಿತು. ಈ ವಯಸ್ಸಿನಲ್ಲಿ ಹಾಗೆ ಬರೆಯಲು ನಾಚಿಕೆ. “ನಾನೆಲ್ಲಿ, ಆ ಜಾಗ ಎಲ್ಲಿ. ಕಂಪ್ಯೂಟರ್ ಅಂದ್ರೆ ಒಂದಕ್ಷರ ಗೊತ್ತಿಲ್ಲದವಳು. ನನಗಿಂತ ಯೋಗ್ಯರು ಎಷ್ಟು ಜನ ಇದ್ದಾರೆ. ಬೇಡಮ್ಮಾ” ಎಂದೆ.

“ಸರಿ ಖಾನಂ. ನಿಮ್ಮ ಮಾತಿಗೆ ಗೌರವ ಕೊಡ್ತೀವಿ. ಥ್ಯಾಂಕ್ಸ್” ಎಂದು ಫೋನ್ ಇಟ್ಟಳು.

ಚಹಾಕ್ಕೆ ಸಮೋವಾರ್ ಹೊತ್ತಿಸಿದೆ. ತಂಡದವರೊಡನೆ ಮಾತಾಡಿಕೊಂಡು ಸಂಜೆಯೊಳಗೆ ಮತ್ತೆ ಕರೆಯುತ್ತಾಳೆ. ಎರಡನೆಯ ಸಲಕ್ಕೆ ‘ನಿಮಗೆ ಅಷ್ಟು ಭರವಸೆ ಇದ್ದರೆ ನೋಡೋಣ’ ಎನ್ನಬೇಕು. ಮೂರನೆಯದಕ್ಕೆ ಒಪ್ಪಬೇಕು.

೪ ಆಬಾನ್, ಗುರುವಾರ

ಕರೆ ಬರಲಿಲ್ಲ. ನಾಳೆ ಶುಕ್ರವಾರ, ರಜೆ. ಶನಿವಾರ ಬರಬಹುದು.

೯ ಆಬಾನ್, ಮಂಗಳವಾರ

ಫೋನನ್ನು ಅಡುಗೆಮನೆಯ ಕಪಾಟಿನ ಮೇಲೆ ಇಟ್ಟುಕೊಂಡಿದ್ದೇನೆ. ಎರಡು ಸಲ ರಿಂಗಾಯಿತು. ಒಂದು ವಿಮೆಯವರದು. ಇನ್ನೊಂದು ಅತ್ತಿಗೆ, ಕೆಳಗಿನಿಂದಲೇ, ಬೀದಿಗೆ ಬೀಟ್‌ರೂಟ್ ಬೇಯಿಸಿ ಮಾರುವವನು ಬಂದಿದ್ದಾನೆ ಎಂದು ಹೇಳಲು.

೧೬ ಆಬಾನ್, ಮಂಗಳವಾರ

ತಡೆಯಲಾಗದೆ ಅತ್ತಿಗೆಗೆ ಹೇಳಿದೆ. ಹೇಳಿದ್ದೇ ತಪ್ಪಾಯಿತು.

“ಒಂದೇ ಸಲಾನಾ ಕೇಳಿದ್ದು? ಟ್ಯಾಕ್ಸಿಯವ್ನೂ ಎರಡು ಸಲ ಬೇಡ ಅಂದೇ ಬಾಡಿಗೆ ತಗೊಳ್ಳೋದು! ಎಂಥಾ ಮನೆತನದ್ದೋ ಆ ಹುಡುಗಿ?”

“ಒಳ್ಳೆ ಹುಡುಗಿ. ಅಜ್ಜಿಯನ್ನ ನೋಡ್ಕೊತಾಳೆ.”

“ಹಂಗಾದ್ರೆ ನೀನೇ ಅತಿಯಾಗಿ ನಾಟಕ ಮಾಡಿರ್ತೀಯ. ನಿನ್ನ ‘ಬೇಡ’ ಕೇಳಿದ್ರೆ ಹೆಣಾನೂ ಎದ್ದು ಹೋಗುತ್ತೆ. ಅಷ್ಟು ಗಟ್ಟಿ.”

ಮೇಲೆ ಬಂದು ತಂಡದ ನಿಯಮಗಳನ್ನು ಹುಡುಕಿ ಓದಿದೆ. ಏಳನೆಯದು ಹೀಗಿದೆ: ‘ಹೊಸಬರಿಗೆ ಕೆಲಸವನ್ನು ಒಮ್ಮೆ ಮಾತ್ರ ನೀಡಿ. ಬೇಡ ಎಂದವರನ್ನು ಮತ್ತೆ ಕೇಳಬಾರದು. ಯಾರ ಮೇಲೂ ಒತ್ತಡ ಬೀಳಬಾರದು.’ ಸ್ವಾಗತ ಎಂಬ ತಲೆಬರಹದ ಕೆಳಗೆ ಇದೆ. ಚೊಕ್ಕ ವಾಕ್ಯಗಳು. ಕೆಂಪು ಪೆನ್ನು ಹಿಡಿದು ಕೂತರೂ ಒಂದು ಅಲ್ಪವಿರಾಮ ಕದಲಿಸುವಂತಿಲ್ಲ.

ಒಬ್ಬರು ಬೇಡ ಎಂದರೆ ಆ ಮಾತಿನ ಹಿಂದೆ ಏನಿದೆ ಎಂದು ನೋಡಬಾರದೇ? ಒಮ್ಮೆ ಕೇಳಿ ಕೈತೊಳೆದುಕೊಳ್ಳುವುದು ಸುಲಭ. ಇನ್ನೊಮ್ಮೆ ಕೇಳುವುದಕ್ಕೆ ಮನಸ್ಸು ಬೇಕು.

೨೦ ಆಬಾನ್, ಶನಿವಾರ

ಹಲಗೆಯ ಮೇಲೆ ಪ್ರಕಟಣೆ ಬಂತು. ಕೇಳುಗರ ಗುಂಪಿನ ಹಿರಿಯರಾಗಿ ಇಂಜಿನಿಯರ್ ಸಮದಿ. ಮುಂದಿನ ತಿಂಗಳು, ಆಜರ್ ಇಪ್ಪತ್ತಕ್ಕೆ, ಹೊಸ ದನಿ ಬಿಡುಗಡೆ. ಓದು ನಿಧಾನವೆಂಬ ದೂರುಗಳಿರುವುದರಿಂದ ಬಿಡುವುಗಳನ್ನೆಲ್ಲ ಅರ್ಧ ಸೆಕೆಂಡಿಗೆ ಇಳಿಸುತ್ತಾರಂತೆ.

೨೫ ಆಬಾನ್, ಗುರುವಾರ

ಚೀಟಿ ಹಾಕಲಿಲ್ಲ. ನಿನ್ನೆಯೂ ಹಾಕಲಿಲ್ಲ.

ಬೆಳಿಗ್ಗೆ ಹಳೆಯ ಪ್ರಕಾಶನದ ಓಣಿಯಲ್ಲಿ ನಡೆದೆ. ಕೆಳಗಿನ ಅಂಗಡಿ ಈಗ ಮೊಬೈಲ್ ಕವಚಗಳದ್ದು. ಮೇಲೆ, ನಮ್ಮ ಕೋಣೆಯ ಕಿಟಕಿಗೆ ಕಾಗದ ಅಂಟಿಸಿದ್ದಾರೆ. ಕೆಳಗೆ ನಿಂತು ಸ್ವಲ್ಪ ಹೊತ್ತು ಕಿವಿಗೊಟ್ಟೆ. ಯಾಕೆ ಎಂದು ಗೊತ್ತಿಲ್ಲ.

೧ ಆಜರ್, ಬುಧವಾರ

ಸೆವ್‌ದಾಗೆ ಬರೆಯಲು ಕೂತೆ. ಮೊದಲ ಕರಡು ಒಂದೂವರೆ ಪುಟ. ಎರಡನೆಯದರಲ್ಲಿ ಅಜ್ಜಿಯ ಮೊಣಕಾಲು ನೋವು ಬಂತು, ಹೊಡೆದು ಹಾಕಿದೆ. ಮೂರನೆಯದರಲ್ಲಿ ಸಮದಿ ಅವರ ಸಾಮರ್ಥ್ಯದ ಹೊಗಳಿಕೆ, ಅದನ್ನೂ ಹೊಡೆದೆ. ಆರನೆಯದು ಉಳಿಯಿತು:

‘ಅಂದು ನಾನು ಬೇಡ ಎಂದದ್ದು ಮರ್ಯಾದೆಗಾಗಿ. ಆ ಕೆಲಸ ನನಗೆ ಬೇಕಿತ್ತು. ಈಗಲೂ ಬೇಕು.’

ಕಳಿಸಿದ ಮೇಲೆ ಕೈ ತೊಳೆದುಕೊಂಡೆ, ಏನೋ ಕೊಳೆ ಮುಟ್ಟಿದ ಹಾಗೆ. ನನ್ನ ತಾಯಿ ಓದಿದ್ದರೆ ಚಾದರದ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು.

೨ ಆಜರ್, ಗುರುವಾರ

ಎಂಟು ಗಂಟೆಗೇ ಕರೆ.

“ಖಾನಂ, ನನ್ನ ತಲೆ ಮೇಲೆ ಮಣ್ಣು ಬೀಳ್ಲಿ. ರಾತ್ರಿಯೆಲ್ಲಾ ಅಜ್ಜಿ ಬೈದ್ರು. ‘ದೊಡ್ಡೋರನ್ನ ಒಂದೇ ಸಲ ಕೇಳಿ ಬಿಟ್ಯಾ, ನಾನು ನಿನ್ನ ಬೆಳೆಸಿದ್ದು ಹಿಂಗಾ?’ ಅಂತ.”

“ನಿಯಮ ಹಾಗೆ ಇದೆಯಲ್ಲಮ್ಮಾ.”

“ಆ ನಿಯಮ ಬರೆದವಳು ನಾನೇ. ಹೋದ ವರ್ಷ ಒಬ್ಬ ಹುಡುಗಿ ಬಂದಿದ್ಲು, ಚಿತ್ರ ಬರೆಯೋಳು. ಅವಳು ಆಗಲ್ಲ ಅಂದ್ರೂ ನಾವು ಕೇಳಿ ಕೇಳಿ, ಕೊನೆಗೆ ಅವಳು ಗುಂಪೇ ಬಿಟ್ಟು ಓಡಿದ್ಲು. ಅದಕ್ಕೇ ಬರೆದೆ. ಒಬ್ಬಳು ಓಡಿದ್ಲು ಅಂತ ಬಾಗಿಲು ಸಣ್ಣ ಮಾಡಿದ್ರೆ ಇನ್ನೊಬ್ಬರು ಹೊರಗೇ ನಿಂತ್ರು. ಸಮದಿ ಅವರನ್ನ ಆ ಜಾಗದಿಂದ ಈಗ ತೆಗೆಯೋಕಾಗಲ್ಲ ಖಾನಂ. ಅವರಿಗೆ ಮಾತು ಕೊಟ್ಟಾಗಿದೆ.”

“ತೆಗೀಬೇಡ. ತೆಗೆದ್ರೆ ನಾನೇ ಬರಲ್ಲ.”

“ಆದ್ರೆ ಸ್ವಾಗತದ ಪುಟ ನೀವು ಬರೀರಿ. ಏಳನೇ ನಿಯಮ ಸೇರಿಸಿ ಎಲ್ಲಾ. ಬರೀತೀರಾ?” ಅಜ್ಜಿಗೆ ಹೆದರಿದವಳಂತೆ, “ಬೇಡ ಅಂದ್ರೆ ಇನ್ನೆರಡು ಸಲ ಕೇಳ್ತೀನಿ” ಎಂದಳು.

“ಬರೀತೀನಿ” ಎಂದೆ.

ಮೊದಲನೆಯ ಸಲಕ್ಕೇ ಒಪ್ಪಿದೆ.

ಆದರೆ ನನಗೆ ಬೇಕಿದ್ದದ್ದು ಆ ಇನ್ನೊಂದು ಕೆಲಸ. ಬಿಡುವುಗಳು ಅರ್ಧ ಸೆಕೆಂಡಿಗೆ ಇಳಿಯುತ್ತವೆ. ಅಂಥ ದನಿಯನ್ನು ಜರ್ರಾಬಿ ಅವರಿಗೆ ಹೇಗೆ ಕಳಿಸಲಿ?

೮ ಆಜರ್, ಬುಧವಾರ

ಪುಟ ಬರೆಯುತ್ತಿದ್ದೇನೆ. ಬಂದವರ ಹೆಸರು ಮೊದಲು ಕೇಳಿ, ಏನು ಬರುತ್ತದೆ ಎಂದು ಆಮೇಲೆ. ಅವರ ಕಸುಬಿನ ಮಾತಿನಲ್ಲೇ ಕೆಲಸ ವಿವರಿಸಿ. ದರ್ಜಿಗೆ ದರ್ಜಿಯ ಮಾತಲ್ಲಿ, ದಾದಿಗೆ ದಾದಿಯ ಮಾತಲ್ಲಿ. ಕುಶಲ ಬರೆದವರಿಗೆ ಕುಶಲದಿಂದ ಉತ್ತರಿಸಿ. ಮೂರನೆಯ ಪುಟದ ತನಕ ತಾಳ್ಮೆಯಿರಲಿ. ಏಳನೆಯ ನಿಯಮ: ‘ಬೇಡ ಎಂದವರನ್ನು ಹತ್ತು ದಿನ ಬಿಟ್ಟು ಇನ್ನೊಮ್ಮೆ ಕೇಳಿ. ಮತ್ತೂ ಬೇಡ ಎಂದರೆ, ಬಾಗಿಲು ತೆರೆದಿದೆ ಎಂದು ಹೇಳಿ ಬನ್ನಿ.’

ಸಮದಿ ಆಕ್ಷೇಪಿಸಿದರು: ‘ಹತ್ತೇ ದಿನ ಯಾಕೆ? ಲೆಕ್ಕ ಏನು?’ ನಾನು ಬರೆದೆ: ‘ಹತ್ತು ದಿನಕ್ಕಿಂತ ಹೆಚ್ಚು ಕಾದರೆ ಹಾಗೆ ಹೇಳಿದವರು ತಮ್ಮ ಬೇಡವನ್ನೇ ನಂಬಲು ತೊಡಗುತ್ತಾರೆ.’ ಬಹಳ ಹೊತ್ತಿನ ಮೇಲೆ ಅವರ ಉತ್ತರ: ‘ನನ್ನ ಮಾವನ ಮನೆಯಲ್ಲಿ ನಾನು ಮೊದಲ ಸಲ ಊಟ ಬೇಡ ಎಂದೆ. ಅವರು ನಂಬಿಬಿಟ್ಟರು. ಇವತ್ತಿಗೂ ಅಲ್ಲಿ ನನಗೆ ಅರ್ಧ ತಟ್ಟೆ. ನಿಯಮಕ್ಕೆ ನನ್ನ ಒಪ್ಪಿಗೆ ಇದೆ.’ ಅದರ ಕೆಳಗೆ ಇನ್ನೊಂದು ಸಾಲು: ‘ಅಧ್ಯಾಯದ ಕೊನೆಗಾದರೂ ನಿಮ್ಮ ಒಂದೂಕಾಲು ಸೆಕೆಂಡು ಇರಲಿ. ಮಿಕ್ಕ ಕಡೆ ಅರ್ಧವೇ.’

ಮಿಕ್ಕ ಕಡೆಗೂ ವಾದಿಸಿದೆ. ಸೋತೆ.

೧೧ ಆಜರ್, ಶನಿವಾರ

ಏಳನೆಯ ನಿಯಮದ ಕೆಳಗೆ ಒಂದು ಉದಾಹರಣೆ ಇರಲಿ ಎಂದು ಸೆವ್‌ದಾ ಕೇಳಿದಳು. ಬರೆದೆ: ‘ಹೊಸದಾಗಿ ಕಣ್ಣು ಕಳೆದುಕೊಂಡ ಒಬ್ಬರಿಗೆ ಅವರ ಹಳೆಯ ಸಹೋದ್ಯೋಗಿ ಫೋನ್ ಮಾಡಿ, ಬಂದು ಓದಿ ಹೇಳಲೇ ಎಂದು ಕೇಳುತ್ತಾರೆ. ಅವರು ಬೇಡ ಎನ್ನುತ್ತಾರೆ. ಆಗ ಸಹೋದ್ಯೋಗಿ’

ಅಲ್ಲಿಗೆ ನಿಲ್ಲಿಸಿದೆ. ಉದಾಹರಣೆ ಸರಿಯಿಲ್ಲ, ಪುಟಕ್ಕೆ ಹೊಂದುವುದಿಲ್ಲ. ಹೊಡೆದು ಹಾಕಿದೆ. ದರ್ಜಿಯ ಉದಾಹರಣೆ ಕಳಿಸಿದೆ.

ಮಧ್ಯಾಹ್ನ ಊಟ ಸೇರಲಿಲ್ಲ. ಹವೆ ಬದಲಾಗಿದ್ದರಿಂದ ಇರಬೇಕು.

೧೪ ಆಜರ್, ಮಂಗಳವಾರ

ಫೋನ್ ಮಾಡದೆಯೇ ಹೋದೆ. ಸೇತುವೆಯವರೆಗೆ ಸುತ್ತದೆ ನದಿಯ ಒಣ ಮರಳಲ್ಲೇ ದಾಟಿದೆ. ಕೈಯಲ್ಲಿ ಒಂದು ಪುಸ್ತಕ, ನಾವು ತಾಳೆ ನೋಡುವ ಮೊದಲೇ ಪ್ರಕಾಶನ ಮುಚ್ಚಿ, ಬೇರೆ ಪ್ರಕಾಶಕರು ಹೊರತಂದದ್ದು.

ಬಾಗಿಲು ತೆರೆದದ್ದು ತಂಗಿ ಬದ್ರಿ ಖಾನಂ. ಜರ್ರಾಬಿ ಹೀಟರಿನ ಪಕ್ಕ ಕೂತಿದ್ದರು, ಕತ್ತು ನೆಟ್ಟಗೆ, ಎದುರಿಗೆ ಮೇಜಿದೆಯೇನೋ ಎಂಬಂತೆ.

“ಯಾರು?”

“ನಾನು, ಮಹ್ಲಗಾ.”

“ಓ. ಖಾನಂ. ಏನು, ಕಾಗದದ ರೇಟು ಇಳೀತಾ?”

“ಇಲ್ಲ, ಇನ್ನೂ ಏರಿದೆ. ಓದಿ ಹೇಳೋಣ ಅಂತ ಬಂದೆ.”

“ಬೇಡ ಖಾನಂ, ನಿಮಗ್ಯಾಕೆ ತೊಂದರೆ.”

“ತೊಂದರೆ ಏನಿಲ್ಲ. ವಾರಕ್ಕೊಂದು ದಿನ ಬರ್ತೀನಿ.”

“ಈ ಚಳೀಲಿ ನದಿ ದಾಟ್ಕೊಂಡು ಬರೋದು...”

“ನದೀಲಿ ನೀರೇ ಇಲ್ಲ, ಜರ್ರಾಬಿ ಆಗಾ. ನಿಮಗಲ್ಲ, ನನಗೆ ಬೇಕು.”

ಹೀಟರು ಉರಿಯುವ ಸದ್ದು. ಅವರು ಕುರ್ಚಿಯ ಕೈ ಮೇಲೆ ಬೆರಳಾಡಿಸಿದರು. “ಯಾವ ಪುಸ್ತಕ?” ಎಂದರು.

ಹತ್ತೊಂಬತ್ತು ವರ್ಷ ನಾನು ಗಟ್ಟಿಯಾಗಿ ಓದಿದವಳೇ ಅಲ್ಲ. ನನ್ನ ದನಿ ನನಗೇ ಬೇರೆ ಯಾರದೋ ಎನ್ನಿಸಿತು. ಎರಡನೆಯ ಪುಟಕ್ಕೇ ಅವರು ಬೆರಳೆತ್ತಿದರು.

“ಅಲ್ಲಿ ನಿಲ್ಲಬೇಕು.”

“ಅಲ್ಲಿ ಅಲ್ಪವಿರಾಮ ಇಲ್ಲ.”

“ಇರಬೇಕಿತ್ತು. ಯಾವನು ಇದರ ಪ್ರೂಫ್ ನೋಡಿದ್ದು?”

“ಇದ್ರೆ ವಾಕ್ಯ ಕುಂಟುತ್ತೆ.”

“ಕುಂಟಲಿ. ಹೇಳ್ತಿರೋನು ಮುದುಕ ತಾನೇ?”

ಒಂದು ಅಲ್ಪವಿರಾಮಕ್ಕೆ ಹತ್ತು ನಿಮಿಷ ಜಗಳವಾಡಿದೆವು. ಬದ್ರಿ ಖಾನಂ ಎರಡು ಸಲ ಬಂದು ನೋಡಿ ಹೋದರು. ನಡುವೆ ಹಮ್‌ಖಾನ್ ಮಾತು ಬಂತು. ಅವರು ಬೇಸಿಗೆಯಿಂದಲೇ ಕೇಳುತ್ತಿದ್ದಾರಂತೆ, ನಾನು ಕಳಿಸುವ ಅಗತ್ಯವೇ ಇರಲಿಲ್ಲ. “ಚೆನ್ನಾಗೇ ಓದುತ್ತೆ. ಈಚೆಗೆ ಸ್ವಲ್ಪ ಉಸಿರಾಡೋದನ್ನೂ ಕಲ್ತಿದೆ. ಆದ್ರೆ ನಾನು ಬೈದ್ರೆ ತಿರುಗಿ ಬೈಯಲ್ಲ, ಅದೊಂದು ಕೊರತೆ” ಎಂದರು. ಉಸಿರಾಟ ಯಾರು ಕಲಿಸಿದ್ದು ಎಂದು ನಾನು ಹೇಳಲಿಲ್ಲ. ನಲವತ್ತು ಪುಟವಾಯಿತು.

ಪುಸ್ತಕ ಮುಚ್ಚಿ ಎದ್ದಾಗ ಮಧ್ಯಾಹ್ನ ಒಂದೂವರೆ ಗಂಟೆ. ಬದ್ರಿ ಖಾನಂ ಬಾಗಿಲ ಬಳಿ ಬಂದು, ಕೈ ಎದೆಯ ಮೇಲಿಟ್ಟು, ವಾಡಿಕೆಯಂತೆ, “ಇಷ್ಟು ಬೇಗ ಹೊರಟ್ರಾ? ಊಟದ ಹೊತ್ತು, ಇದ್ದದ್ರಲ್ಲೇ ಒಂದು ತುತ್ತು ತಿಂದ್ಕೊಂಡು ಹೋಗಿ” ಎಂದರು.

“ಆಗಲಿ, ತಿಂದೇ ಹೋಗ್ತೀನಿ” ಎಂದು ಕೋಟು ಬಿಚ್ಚಿದೆ.

ಅವರು ಎದೆಯ ಮೇಲಿನ ಕೈ ಕೆಳಗಿಳಿಸದೆ ಹಾಗೇ ನಿಂತರು. ಆಮೇಲೆ ಒಳಗೆ ಹೋದರು. ಫ್ರಿಜ್ಜಿನ ಬಾಗಿಲು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಸ್ವಲ್ಪ ಹೊತ್ತಿಗೆ ಮೊಟ್ಟೆ ಒಡೆದು ಕಲಕುವ ಸದ್ದು ಬಂತು.

ಜರ್ರಾಬಿ ಅವರ ಹೆಗಲು ಕುಲುಕುತ್ತಿತ್ತು. ನಗುತ್ತಿದ್ದರು. “ಖಾನಂ, ಏನಾಗಿದೆ ನಿಮಗೆ?”

“ಏನೂ ಆಗಿಲ್ಲ. ಹಸಿವಾಗಿದೆ” ಎಂದೆ.